ಕೆಂಪು ದಾರವನ್ನು ಎಳೆದವರ ಪರವಾಗಿ

ಹೆಸರು: ಶಮ್ಸುರಿ ಬಿನ್ ಹಾಜಿ ಕಮಾಲ್. ವಯಸ್ಸು: ಎಪ್ಪತ್ತೊಂದು ವರ್ಷ. ಉದ್ಯೋಗ: ನಿವೃತ್ತ ಪ್ರೌಢಶಾಲಾ ಶಿಕ್ಷಕ, ಮಲಯ ಭಾಷೆ ಮತ್ತು ಭೂಗೋಳ. ವಾಸ: ಮನೆ ಸಂಖ್ಯೆ 17, ಮೂರನೆಯ ಅಡ್ಡದಾರಿ, ಔಲೋಂಗ್, ತೈಪಿಂಗ್, ಪೆರಾಕ್ ರಾಜ್ಯ.

ಮೇಲ್ಕಂಡ ನಾನು, ಯಾರ ಒತ್ತಾಯವೂ ಇಲ್ಲದೆ ಈಪೋ ನಗರದ ಈ ಠಾಣೆಗೆ ಬಂದು ಅರಿಕೆ ಮಾಡಿಕೊಳ್ಳುವುದೇನೆಂದರೆ:

ವ್ಯಾಯಾಮ ಶಿಕ್ಷಕಿ ಕುಮಾರಿ ರೊಹಾಯು ಬಿಂತಿ ಜಮ್ಹುರ್, ವಯಸ್ಸು 27, ಇವರು ದಿನಾಂಕ 12-10-2024ರ ಶನಿವಾರ ಪರೀಕ್ಷಕರಾದ ಶ್ರೀ ಡೆಸ್ಮಂಡ್ ಖೂ ಅವರನ್ನು “ಅನುತ್ತೀರ್ಣಳಾದ ಸಿಟ್ಟಿನಿಂದ ಓಡಿ ಬಂದು ತಳ್ಳಿ ಹಲ್ಲೆ ಮಾಡಿದರು” ಎಂದು ಇಲ್ಲಿ ದೂರು ದಾಖಲಾಗಿದೆ. ಆ ವಾಕ್ಯದಲ್ಲಿ ‘ಓಡಿ ಬಂದು’ ಮತ್ತು ‘ತಳ್ಳಿ’ ಎಂಬುವಷ್ಟೇ ಸತ್ಯ. ಉಳಿದುದು ಸುಳ್ಳು. ನಾನು ಘಟನೆಯನ್ನು ಆರಂಭದಿಂದ ಕಡೆಯವರೆಗೆ ಕಣ್ಣಾರೆ ಕಂಡವನು. ಆಡಿದ ಮಾತನ್ನು ತಿದ್ದಿದರೆ ಸಾಕ್ಷ್ಯ ಕೆಡುವುದರಿಂದ, ಮಾತುಗಳನ್ನು ಆಡಿದಂತೆಯೇ ಬರೆಸಿದ್ದೇನೆ.

ರೊಹಾಯು ಅವರು ಮೂರು ವರ್ಷಗಳಿಂದ ತೈಪಿಂಗಿನ ಪುರಸಭೆಯ ಸಭಾಂಗಣದಲ್ಲಿ, ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಏಳಕ್ಕೆ, ಅರವತ್ತು ದಾಟಿದ ನಮ್ಮಂಥ ಹದಿನಾಲ್ಕು ಮಂದಿಗೆ ವ್ಯಾಯಾಮ ಕಲಿಸುತ್ತಾರೆ. ಅವರ ಪ್ರಮಾಣಪತ್ರವನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಈಗಿನದರ ಅವಧಿ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ನವೀಕರಣಕ್ಕಾಗಿ ರಾಜಧಾನಿಯ ಒಂದು ತರಬೇತಿ ಸಂಸ್ಥೆಯು ಈಪೋದ ಹೋಟೆಲೊಂದರಲ್ಲಿ ಎರಡು ದಿನಗಳ ಪುನರ್‌ತರಬೇತಿ ನಡೆಸಿತು. ವಿಷಯ: ಬಗೆಬಗೆಯ ದೇಹಸ್ಥಿತಿಯವರಿಗೆ ವ್ಯಾಯಾಮ ಕಲಿಸುವ ಕ್ರಮ. ಎರಡನೆಯ ದಿನದ ಪ್ರಾಯೋಗಿಕ ಪರೀಕ್ಷೆಗೆ ಪ್ರತಿ ಅಭ್ಯರ್ಥಿಯೂ ತನ್ನ ಮೂವರು ಶಿಷ್ಯರನ್ನು ಕರೆತರಬೇಕಿತ್ತು. ಅದರಲ್ಲಿ ಅವರು ಉತ್ತೀರ್ಣರಾಗದಿದ್ದರೆ ನವೆಂಬರ್ ಒಂದರಿಂದ ನಮ್ಮ ತರಗತಿಯ ಬಾಗಿಲಿಗೆ ಬೀಗ.

ಅವರು ಕರೆತಂದ ಮೂವರು: ನಾನು, ಎಡ ಮೊಣಕಾಲಿನ ಕೆಳಗೆ ಕೃತಕ ಕಾಲಿರುವ ನಿವೃತ್ತ ರೈಲ್ವೆ ನೌಕರ ಶ್ರೀ ಪೆರಿಯಣ್ಣನ್, 66, ಮತ್ತು ಮಾರುಕಟ್ಟೆಯಲ್ಲಿ ನಲವತ್ತು ವರ್ಷ ಮೀನಿನುಂಡೆ ಮಾರಿದ ಶ್ರೀಮತಿ ಲಾವ್ ಗ್ವಾಟ್ ಕಿಮ್, 68. ಲಾವ್ ಅವರು ಹೃದಯದ ತೊಂದರೆಗಾಗಿ, ನಾಡಿಬಡಿತವನ್ನು ತಗ್ಗಿಸುವ ಮಾತ್ರೆಯನ್ನು ದಿನವೂ ಸೇವಿಸುತ್ತಾರೆ.

ಅಂದು ಬೆಳಿಗ್ಗೆ 7.50ಕ್ಕೆ ವ್ಯಾನಿನಲ್ಲಿ ತೈಪಿಂಗ್ ಬಿಟ್ಟೆವು. ದಾರಿಯುದ್ದಕ್ಕೂ ಲಾವ್ ಅವರ ಮಾತು ನಿಲ್ಲಲಿಲ್ಲ. ನನ್ನನ್ನು ನೋಡಿ, “ಏನ್ ಮೇಷ್ಟ್ರೇ, ಪರೀಕ್ಷೆ ರೊಹಾಯುಗೆ, ಬೆವರೋದು ನೀವು!” ಎಂದರು. ಡಬ್ಬಿ ತೆರೆದು, “ತಿನ್ನಿ, ಬರೀ ಮೀನು, ನಿಮಗೂ ನಡೆಯುತ್ತೆ. ಇದರಲ್ಲಿ ತಪ್ಪು ಹುಡುಕಿದ್ರೆ ವ್ಯಾನಿಂದ ಇಳಿಸಿಬಿಡ್ತೀನಿ” ಎಂದರು. ಅವರ ಈ ಮಾತುಗಾರಿಕೆಯನ್ನು ಉಲ್ಲೇಖಿಸಲು ಕಾರಣವಿದೆ. ನಮ್ಮ ತರಗತಿಯಲ್ಲಿ ರೊಹಾಯು ಅವರು ವ್ಯಾಯಾಮದ ನಡುವೆ ಪ್ರತಿಯೊಬ್ಬರನ್ನೂ ‘ಇವತ್ತು ಏನಡಿಗೆ?’ ಎಂದು ಕೇಳುವರು. ಒಂದು ಪೂರ್ಣ ವಾಕ್ಯ ಹೇಳಲಾಗದಿದ್ದವರನ್ನು ಅಲ್ಲಿಗೇ ನಿಲ್ಲಿಸುವರು. ಲಾವ್ ಅವರಿಗೆ ಆ ಪ್ರಶ್ನೆ ಹಾಕಿದರೆ ಉತ್ತರ ನಿಲ್ಲಿಸುವುದೇ ಕಷ್ಟವಾಗುತ್ತಿತ್ತು.

9.10ಕ್ಕೆ ಸಭಾಂಗಣ ತಲುಪಿದೆವು. ಶ್ರೀ ಖೂ ಅವರು ಮೊದಲು ಪೆರಿಯಣ್ಣನ್ ಅವರ ಕಾಲನ್ನು ನೋಡಿದರು, ಮುಖವನ್ನು ನೋಡಲಿಲ್ಲ. “ಅಂಕಲ್, ನೀವು ಸುಮ್ನೆ ಕೂತ್ಕೊಳ್ಳಿ. ನಿಮ್ಮ ಲೆಕ್ಕದ ಅಂಕ ಹಾಗೇ ಹಾಕ್ಕೊಡ್ತೀನಿ” ಎಂದರು. ಪೆರಿಯಣ್ಣನ್ ಅವರು, “ಕೂರೋದಕ್ಕೆ ನಮ್ಮನೇಲೇ ಕುರ್ಚಿ ಇತ್ತಲ್ಲ ಸಾರ್, ಅದಕ್ಕೆ ಇಷ್ಟು ದೂರ ಬರಬೇಕಿತ್ತಾ?” ಎಂದರು. ಬಗೆಬಗೆಯ ದೇಹಸ್ಥಿತಿಯವರ ಕುರಿತ ತರಬೇತಿಯಲ್ಲಿ ಒಂದು ಬಗೆಯವರನ್ನು ಮೂಲೆಗೆ ಕೂರಿಸಲಾಯಿತೆಂಬುದನ್ನು ದಯವಿಟ್ಟು ದಾಖಲಿಸಿಕೊಳ್ಳಬೇಕು.

ನಂತರ ರೊಹಾಯು ಅವರು ಲಾವ್ ಅವರ ವಿವರದ ಹಾಳೆಯನ್ನು ನೀಡಿದರು. ಅದರಲ್ಲಿ ಮಾತ್ರೆಯ ಹೆಸರನ್ನು ಬರೆದು ಅಡಿಗೆರೆ ಎಳೆದಿದ್ದರು. ಶ್ರೀ ಖೂ ಅವರು ಹಾಳೆಯನ್ನು ಮಡಿಸಿ ಜೇಬಿಗಿಟ್ಟು, “ಹೆಸರು, ವಯಸ್ಸು, ತೂಕ, ಇಷ್ಟು ಸಾಕು. ಮಾತ್ರೆ ಡಾಕ್ಟರ್ ಕೆಲಸ. ನೀನೇನು ಡಾಕ್ಟರಾ?” ಎಂದರು. ಕೆಲವು ಅಭ್ಯರ್ಥಿಗಳು ನಕ್ಕರು. ಆ ಹೊತ್ತಿಗೆ ನನ್ನ ಕೈಯಲ್ಲಿ ಸಂಸ್ಥೆಯೇ ಹಂಚಿದ ಪಠ್ಯಪುಸ್ತಿಕೆ ಇತ್ತು. ಅದರ 31ನೆಯ ಪುಟದಲ್ಲಿ, ನಾಡಿ ತಗ್ಗಿಸುವ ಮಾತ್ರೆ ಸೇವಿಸುವವರ ವಿಷಯದಲ್ಲಿ ಗಡಿಯಾರ ತೋರಿಸುವ ಬಡಿತವನ್ನು ನಂಬಬಾರದು, ಅವರು ಮಾತನಾಡಬಲ್ಲರೇ ಎಂದು ನೋಡಬೇಕು, ಆಗದಿದ್ದರೆ ಕೂಡಲೇ ನಿಲ್ಲಿಸಬೇಕು ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಪುಸ್ತಿಕೆಯನ್ನು ಬರೆದವರ ಹೆಸರು ಡೆಸ್ಮಂಡ್ ಖೂ. ಪ್ರತಿಯನ್ನು ಲಗತ್ತಿಸಿದ್ದೇನೆ.

10.41ಕ್ಕೆ, ತಾವು ಮೊದಲು ಮಾಡಿ ತೋರಿಸುವುದಾಗಿ ಹೇಳಿ, ಶ್ರೀ ಖೂ ಅವರು ಲಾವ್ ಅವರನ್ನು ಟ್ರೆಡ್‌ಮಿಲ್ ಹತ್ತಿಸಿದರು. ಅಭ್ಯರ್ಥಿಗಳು ನೆಲದ ಹಳದಿ ಪಟ್ಟಿಯ ಹಿಂದೆ ಮೌನವಾಗಿ ನಿಲ್ಲಬೇಕೆಂದು ಆಜ್ಞಾಪಿಸಿದರು. ಯಂತ್ರಕ್ಕೆ ಒಂದು ಕೆಂಪು ದಾರವಿರುತ್ತದೆ. ಅದರ ತುದಿಯನ್ನು ನಡೆಯುವವರ ಅಂಗಿಗೆ ಸಿಕ್ಕಿಸಬೇಕು. ದಾರವನ್ನು ಎಳೆದರೆ ಯಂತ್ರ ನಿಲ್ಲುತ್ತದೆ. ಲಾವ್ ಅವರು ತಾವಾಗಿಯೇ ಅದಕ್ಕೆ ಕೈಚಾಚಿದಾಗ ಶ್ರೀ ಖೂ ಅವರು, “ಅದೆಲ್ಲ ಹೊಸಬರಿಗೆ ಆಂಟಿ” ಎಂದು ದಾರವನ್ನು ಬಲಬದಿಯ ಹಿಡಿಕೆಗೆ ನೇತುಹಾಕಿ, ತಾವು ಎಡಬದಿಯಲ್ಲಿ ಗುಂಡಿಗಳಿಗೆ ಅಡ್ಡವಾಗಿ ನಿಂತರು. ಬಲಬದಿಯಲ್ಲಿ ನಮ್ಮ ಕುರ್ಚಿಗಳು ಗೋಡೆಗೆ ಒತ್ತಿಕೊಂಡಿದ್ದವು.

ಲಾವ್ ಅವರ ವಯಸ್ಸಿಗೆ 129 ಬಡಿತ ಬರಬೇಕೆಂದು ಫಲಕದಲ್ಲಿ ಬರೆದಿದ್ದರು. 10.47ಕ್ಕೆ ಅವರ ಕೈಗೆ ಕಟ್ಟಿದ್ದ ನಾಡಿ ಅಳೆಯುವ ಗಡಿಯಾರ 94 ತೋರಿಸಿತು. “ನೋಡಿ, ಆಂಟಿ ಇನ್ನೂ ನಿದ್ದೇಲಿದ್ದಾರೆ” ಎಂದು ಶ್ರೀ ಖೂ ಅವರು ವೇಗ ಹೆಚ್ಚಿಸಿದರು. ಲಾವ್ ಅವರು, “ನಿದ್ದೆ ನಿಮ್ಮಪ್ಪಂಗೆ!” ಎಂದರು. ಎಲ್ಲರೂ ನಕ್ಕರು. ಯಂತ್ರದ ಮೇಲೆ ಅದು ಅವರ ಕೊನೆಯ ಮಾತು. 10.51ಕ್ಕೆ 97. ಯಂತ್ರದ ಏರನ್ನೂ ಹೆಚ್ಚಿಸಲಾಯಿತು. 10.53ಕ್ಕೆ 98. “ಸಾಲದು, ಇನ್ನೂ!” ಎಂದರು. ಲಾವ್ ಅವರ ತುಟಿಗಳು ಬಿಳಿಚಿದ್ದವು.

ಹಳದಿ ಪಟ್ಟಿಯ ಹಿಂದಿನಿಂದ ರೊಹಾಯು ಅವರು, “ಆಂಟಿ, ಇವತ್ತು ಏನಡಿಗೆ?” ಎಂದು ಕೂಗಿದರು. ಉತ್ತರ ಬರಲಿಲ್ಲ. ಶ್ರೀ ಖೂ ಅವರು, “ಏಯ್, ಇದು ಸಂತೆಯಲ್ಲ, ಪರೀಕ್ಷೆ. ಬಾಯಿ ಮುಚ್ಚು” ಎಂದರು. ರೊಹಾಯು ಅವರು ಇನ್ನೊಮ್ಮೆ, “ಲಾವ್ ಆಂಟಿ! ಏನಡಿಗೆ?” ಎಂದರು. ಪೆರಿಯಣ್ಣನ್ ಅವರು ನನ್ನ ತೋಳು ಹಿಡಿದು, “ಮೇಷ್ಟ್ರೇ, ಆಯಮ್ಮ ಮಾತಾಡ್ತಿಲ್ಲ” ಎಂದರು.

10.54ಕ್ಕೆ ರೊಹಾಯು ಅವರು ಓಡಿ ಬಂದರು. ಶ್ರೀ ಖೂ ಅವರು ತೋಳು ಅಡ್ಡ ಚಾಚಿದರು. ರೊಹಾಯು ಅವರು ಎರಡೂ ಅಂಗೈಗಳಿಂದ ಅವರ ಭುಜವನ್ನು ಒಮ್ಮೆ, ಒಮ್ಮೆ ಮಾತ್ರ, ತಳ್ಳಿದರು. ಅವರು ಎರಡು ಹೆಜ್ಜೆ ಹಿಂದೆ ಸರಿದಾಗ ಮೊಣಕೈ ಫಲಕಕ್ಕೆ ತಾಗಿತು. ರೊಹಾಯು ಅವರು ಮೈಚಾಚಿ ದಾರವನ್ನು ಎಳೆದರು. ಯಂತ್ರ ನಿಂತಿತು. ಲಾವ್ ಅವರು ಕುಸಿದದ್ದು ನೆಲಕ್ಕಲ್ಲ, ರೊಹಾಯು ಅವರ ತೋಳಿಗೆ.

ಶ್ರೀ ಖೂ ಅವರು ಮೊದಲು ಎತ್ತಿದ್ದು ಬಿದ್ದ ಲೇಖನಿಯನ್ನು. 10.58ಕ್ಕೆ, ಲಾವ್ ಅವರು ಇನ್ನೂ ಕಣ್ಣು ತೆರೆಯದಿದ್ದಾಗ, ಅಂಕಪಟ್ಟಿಯಲ್ಲಿ ಬರೆದು, “ನೀನು ಫೇಲು. ನಡಿ ಹೊರಗೆ” ಎಂದರು. ತಳ್ಳಿದ್ದು 10.54ಕ್ಕೆ, ಅನುತ್ತೀರ್ಣಗೊಳಿಸಿದ್ದು 10.58ಕ್ಕೆ. ನಾಲ್ಕು ನಿಮಿಷದ ಬಳಿಕ ನಡೆದುದರ ಸಿಟ್ಟು ನಾಲ್ಕು ನಿಮಿಷ ಮೊದಲೇ ಬರುವುದು ಹೇಗೆಂಬುದನ್ನು ದೂರುದಾರರು ವಿವರಿಸಲಿ.

ಆಂಬುಲೆನ್ಸ್ 11.15ಕ್ಕೆ ಬಂತು. ವೈದ್ಯರ ಮಾತನ್ನು ವೈದ್ಯರೇ ಹೇಳಬೇಕು; ಲಾವ್ ಅವರು ಮೂರು ರಾತ್ರಿ ವಾರ್ಡಿನಲ್ಲಿದ್ದರೆಂಬುದಷ್ಟೇ ನನ್ನ ತಿಳಿವಳಿಕೆ. ಭಾನುವಾರ ಸಂಜೆ ನೋಡಲು ಹೋದಾಗ ಅವರು, “ಗಂಜಿ, ಮೇಷ್ಟ್ರೇ. ಉಪ್ಪಿಲ್ಲದ ಗಂಜಿ. ಆ ಹುಡುಗಿಗೆ ಹೇಳಿ, ನಿನ್ನೆ ಕೇಳಿದಳಲ್ಲ” ಎಂದರು.

15ರಂದು ಮಂಗಳವಾರ ಬಸ್ಸಿನಲ್ಲಿ ಪುನಃ ಆ ಹೋಟೆಲಿಗೆ ಹೋದೆ. ದೂರಿನಲ್ಲಿ ‘ಓಡಿ ಬಂದು’ ಎಂದಿದ್ದುದರಿಂದ ಓಡಿದ ದೂರವೆಷ್ಟೆಂದು ತಿಳಿಯಬೇಕಿತ್ತು. ಹಳದಿ ಪಟ್ಟಿ ಹಾಗೆಯೇ ಇತ್ತು. ಜಮಖಾನೆಯ ಮೇಲೆ ಯಂತ್ರದ ಮತ್ತು ಕುರ್ಚಿಗಳ ಕಾಲುಗಳ ಗುರುತುಗಳೂ ಇದ್ದವು. ಅಳತೆಪಟ್ಟಿಯ ಇನ್ನೊಂದು ತುದಿ ಹಿಡಿದ ಅಲ್ಲಿನ ಕೆಲಸಗಾರ್ತಿ, “ಮದುವೆ ವೇದಿಕೆಗಾ ತಾತ?” ಎಂದು ಕೇಳಿದರು. ಅಲ್ಲವೆಂದೆ. ಹಳದಿ ಪಟ್ಟಿಯಿಂದ ಯಂತ್ರದ ಹಿಡಿಕೆಗೆ ಹನ್ನೊಂದು ಅಡಿ ನಾಲ್ಕು ಅಂಗುಲ. ಬಲಬದಿಯ ಮೊದಲ ಕುರ್ಚಿಯಿಂದ ಅದೇ ಹಿಡಿಕೆಗೆ ಎರಡೂವರೆ ಅಡಿ.

ಆ ಮೊದಲ ಕುರ್ಚಿಯಲ್ಲಿ ಕುಳಿತಿದ್ದವನು ನಾನು.

ದಾರವನ್ನು ಎಳೆಯುವುದು ನಮ್ಮ ತರಗತಿಯ ಮೊದಲ ಪಾಠ. ಮೂರು ವರ್ಷದ ಹಿಂದೆ ನಾನೂ ಎಳೆದು ತೋರಿಸಿ ಶಹಬ್ಬಾಸ್ ಎನ್ನಿಸಿಕೊಂಡಿದ್ದೇನೆ. 31ನೆಯ ಪುಟ ನನ್ನ ತೊಡೆಯ ಮೇಲೆ ತೆರೆದಿತ್ತು. ಎದ್ದು ನಿಲ್ಲುವ ಅಗತ್ಯವೂ ಇರಲಿಲ್ಲ, ಮುಂದಕ್ಕೆ ಬಾಗಿದ್ದರೆ ಸಾಕಿತ್ತು. ಆದರೆ ಮೂವತ್ತನಾಲ್ಕು ವರ್ಷ ಪರೀಕ್ಷಾ ಕೊಠಡಿಗಳನ್ನು ಕಾದವನು ನಾನು. ಪರೀಕ್ಷೆ ನಡೆಯುವಾಗ ಯಾರೂ ಅಲುಗಾಡಬಾರದು, ಪರೀಕ್ಷಕರ ಮಾತಿಗೆ ಎದುರಾಡಬಾರದು ಎಂದು ಸಾವಿರಾರು ಮಕ್ಕಳಿಗೆ ಕಲಿಸಿದ್ದೇನೆ. ಅಂದು ನಾನು ಕಲಿಸಿದ್ದನ್ನು ನಾನೇ ಪಾಲಿಸಿದೆ.

ಹೇಳಿಕೆ ಇಲ್ಲಿಗೆ ಬಂದಾಗ, ಅದನ್ನು ಬರೆದುಕೊಳ್ಳುತ್ತಿದ್ದ ಸಾರ್ಜೆಂಟರು ಕೈ ನಿಲ್ಲಿಸಿ, “ಮೇಷ್ಟ್ರೇ, ಇದನ್ನ ಬರೀಲೇಬೇಕಾ? ನಿಮ್ಮ ಮೇಲೆ ಯಾರೂ ದೂರು ಕೊಟ್ಟಿಲ್ಲವಲ್ಲ” ಎಂದರು. ಬರೆಯಲೇಬೇಕೆಂದು ಹೇಳಿದೆ. ಹನ್ನೊಂದು ಅಡಿ ಓಡಿ ಬಂದವರನ್ನು ಆರೋಪಿಯೆಂದು ಕರೆಯುವ ಕಡತದಲ್ಲಿ, ಎರಡೂವರೆ ಅಡಿ ದೂರದಲ್ಲಿ ಸುಮ್ಮನೆ ಕುಳಿತಿದ್ದವನೂ ಇರಬೇಕು. ಅವನ ಹೆಸರು, ವಯಸ್ಸು, ವಿಳಾಸಗಳು ಈ ಹೇಳಿಕೆಯ ಮೊದಲ ಸಾಲಿನಲ್ಲಿವೆ.

ಈ ಹೇಳಿಕೆಯನ್ನು ಬೇರೆಯವರಿಂದ ಓದಿಸಿ ಕೇಳಲಿಲ್ಲ. ನಾನೇ ಎರಡು ಸಲ ಓದಿದ್ದೇನೆ. ಇದರಲ್ಲಿ ಕಂಡದ್ದಕ್ಕಿಂತ ಹೆಚ್ಚಿಲ್ಲ, ಕಡಿಮೆಯೂ ಇಲ್ಲ.

ಸ್ಥಳ: ಈಪೋ
ದಿನಾಂಕ: 17-10-2024, ಬೆಳಿಗ್ಗೆ 11.20
(ಸಹಿ) ಶಮ್ಸುರಿ ಬಿನ್ ಹಾಜಿ ಕಮಾಲ್