ಎರಡನೆಯ ಗಡ್ಡೆಗೆ ಮುಂಚೆ

ಈ ಬೀಳ್ಕೊಡುಗೆ ಸಭೆಯ ಅಧ್ಯಕ್ಷತೆ ವಹಿಸಿರುವ, ನನಗೆ ಗುರುಗಳೂ ಹಿರಿಯಣ್ಣನೂ ಆಗಿರುವ ಶಸ್ತ್ರಚಿಕಿತ್ಸಕ ಡಾಕ್ಟರ್ ಈಶಪ್ಪನವರೇ, ನಮ್ಮ ಆಸ್ಪತ್ರೆಯ ಆಡಳಿತ ಮಂಡಳಿಯ ಕಾರ್ಯದರ್ಶಿಗಳಾದ ಶರಣಕುಮಾರ ಅವರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಹಿರಿಯ ಸಿಸ್ಟರ್ ನೂರಜಾನಬಿಯವರೇ, ನರ್ಸಿಂಗ್ ಶಾಲೆಯ ಮಕ್ಕಳೇ, ಗಂಗಾವತಿಯ ಈ ಬಿಸಿಲಿನಲ್ಲಿ ಊಟಕ್ಕೆ ಮೊದಲೇ ಬಂದು ಕುಳಿತು ನನ್ನ ಮೇಲೆ ಪ್ರೀತಿ ತೋರಿದ ಸಭಿಕರೇ,

ಕೊಪ್ಪಳ ಜಿಲ್ಲೆಯಾದದ್ದು ತೊಂಬತ್ತೇಳರಲ್ಲಿ. ನಾನು ಈ ಆಸ್ಪತ್ರೆಗೆ ಸೇರಿದ್ದೂ ಅದೇ ವರ್ಷ. ಜಿಲ್ಲೆಯದೂ ನನ್ನದೂ ಒಂದೇ ಸರ್ವೀಸು. ಜಿಲ್ಲೆಗೆ ನಿವೃತ್ತಿ ಇಲ್ಲ, ನನಗೆ ಉಂಟು. ಇಪ್ಪತ್ತಾರು ವರ್ಷ ನಾನು ಮಾಡಿದ ಕೆಲಸವೇನು? ಜನರ ಎಚ್ಚರ ತಪ್ಪಿಸುವುದು, ಮತ್ತೆ ಎಚ್ಚರಿಸುವುದು. ಎಚ್ಚರಾದ ಮೇಲೆ ಅವರು ಕೈಮುಗಿಯುವುದು ಕೊಯ್ದ ಡಾಕ್ಟರಿಗೆ. ಒಮ್ಮೆ ಯಲಬುರ್ಗಿ ಬಸ್ಸಿನಲ್ಲಿ ನಾನೇ ಅರಿವಳಿಕೆ ಕೊಟ್ಟಿದ್ದ ಒಬ್ಬರು ಪಕ್ಕದಲ್ಲಿ ಕುಳಿತು, "ನಿಮ್ಮನ್ನ ಎಲ್ಲೋ ನೋಡೀನ್ರಿ, ನೀವು ಕೆಇಬಿಯವರೇನ್ರಿ?" ಎಂದು ಕೇಳಿದರು. ಹೌದೆಂದೆ. ಒಂದು ರೀತಿಯಲ್ಲಿ ಅದೇ ಕೆಲಸವಲ್ಲವೇ?

ಈಗತಾನೇ ಕುಮಾರಿ ಐಶ್ವರ್ಯ ನನ್ನ ಮಾನಪತ್ರವನ್ನು ಬಹಳ ಚೆನ್ನಾಗಿ ಓದಿದಳು. ಅದರಲ್ಲಿ ಒಂದು ಸಾಲು ಬಂತು. ಗೋವಿಂದರಾಜ ಸರ್ ಬಾಯಿಂದ 'ಛಲೋ ಐತ್ರಿ' ಎಂಬ ಮಾತು ಬಂದರೆ ಆ ರೋಗಿ ಮನೆಗೆ ನಡೆದುಕೊಂಡು ಹೋದಂತೆಯೇ ಲೆಕ್ಕ, ಎಂದು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಅಧ್ಯಕ್ಷರೂ ತಟ್ಟಿದರು. ಆ ಸಾಲು ಯಾರು ಬರೆದರೋ ನನಗೆ ತಿಳಿಯದು. ಆದರೆ ಅದು ನಮ್ಮ ಆಪರೇಷನ್ ಥಿಯೇಟರಿನ ರೂಢಿ, ನಿಜ. ಈಶಪ್ಪ ಸರ್ ಕೊಯ್ಯುವಾಗ ತಲೆ ಎತ್ತುತ್ತಿರಲಿಲ್ಲ. ಮಾನಿಟರ್ ನೋಡುತ್ತಿರಲಿಲ್ಲ. ಕಾಲು ಗಂಟೆಗೊಮ್ಮೆ, "ಗೋವಿಂದರಾಜ, ಹೆಂಗೈತಿ?" ಎಂದು ಕೇಳುತ್ತಿದ್ದರು. ನಾನು, "ಛಲೋ ಐತ್ರಿ ಸರ್" ಎನ್ನುತ್ತಿದ್ದೆ. ಅಷ್ಟೇ. ಅಂಕಿ ಹೇಳುವ ಪದ್ಧತಿ ಇರಲಿಲ್ಲ. ನನ್ನ ಮಾತೇ ಅವರಿಗೆ ಅಂಕಿ.

ಇರಲಿ. ಮಕ್ಕಳಿಗೆ ಉಪಯೋಗವಾಗುವಂಥದ್ದು ಹತ್ತು ನಿಮಿಷ ಹೇಳಿರೆಂದು ಕಾರ್ಯದರ್ಶಿಗಳು ಕೇಳಿದ್ದಾರೆ. ಯಕೃತ್ತಿನ ಆಪರೇಷನ್ನಿನಲ್ಲಿ ರಕ್ತ ಹೋಗುವುದನ್ನು ಔಷಧದಿಂದ ತಗ್ಗಿಸುವ ಪದ್ಧತಿಯನ್ನು ಈ ಆಸ್ಪತ್ರೆಗೆ ತಂದವನು ನಾನು. ಅದನ್ನು ಹೇಳುತ್ತೇನೆ.

ಯಕೃತ್ತು ಎಂದರೆ ರಕ್ತದಲ್ಲಿ ನೆನೆದ ಅಂಗ. ಕರುಳಿನ ರಕ್ತವೆಲ್ಲ ಅದರೊಳಗೆ ಹಾಯ್ದು ಹೋಗಬೇಕು. ಕೊಯ್ದಲ್ಲೆಲ್ಲ ಒಸರುತ್ತದೆ, ಹೊಲಿದರೆ ಹೊಲಿಗೆ ಹರಿಯುತ್ತದೆ. ನೀವು ಕಾಲುವೆ ನೀರಿನ ಮಕ್ಕಳು, ನಿಮಗೆ ಬೇಗ ತಿಳಿಯುತ್ತದೆ. ಗದ್ದೆಯ ಒಡ್ಡು ಒಡೆದರೆ ಏನು ಮಾಡುತ್ತೀರಿ? ಮೇಲಿನ ತೂಬು ಇಳಿಸಿ ನೀರು ಕಡಿಮೆ ಮಾಡಿ, ಆಮೇಲೆ ಒಡ್ಡಿಗೆ ಮಣ್ಣು ಹಾಕುತ್ತೀರಿ. ವ್ಯಾಸೋಪ್ರೆಸಿನ್ ಎಂಬ ಔಷಧ ಮಾಡುವುದೂ ಅದನ್ನೇ. ಅದು ಕರುಳಿನ ರಕ್ತನಾಳಗಳನ್ನು ಬಿಗಿಯುತ್ತದೆ. ಯಕೃತ್ತಿಗೆ ಬರುವ ರಕ್ತ ತಗ್ಗುತ್ತದೆ, ಕೊಯ್ದ ಜಾಗ ಕಣ್ಣಿಗೆ ಕಾಣುತ್ತದೆ. ಜೊತೆಗೆ ಮೈಯ ರಕ್ತನಾಳಗಳೂ ಬಿಗಿಯುವುದರಿಂದ ಬಿಪಿ ಮೇಲೆ ನಿಲ್ಲುತ್ತದೆ. ಎರಡು ಕೆಲಸ, ಒಂದೇ ಔಷಧ. ಹೈದರಾಬಾದಿನ ಒಂದು ಸಮ್ಮೇಳನದಲ್ಲಿ ಇದನ್ನು ಕೇಳಿ ಬಂದವನು ಥರ್ಮೋಕೋಲ್ ಡಬ್ಬಿಯಲ್ಲಿ ಬರ್ಫು ಹಾಕಿಸಿ ಔಷಧ ತರಿಸಿದೆ. ಆ ಡಬ್ಬಿಯನ್ನು ಯಾರ ಕೈಗೂ ಕೊಡಲಿಲ್ಲ. ಅಷ್ಟು ಹೆಮ್ಮೆ ನನಗೆ.

ಎರಡು ಸಾವಿರದ ಹನ್ನೊಂದು, ಫೆಬ್ರವರಿ. ರೋಗಿ ಮಾರೆಪ್ಪ, ನಲವತ್ತನಾಲ್ಕು ವರ್ಷ, ಕುರಿ ಕಾಯುವವನು. ಊರು ಮಂಗಳೂರು. ಸಮುದ್ರದ ಮಂಗಳೂರಲ್ಲ, ನಮ್ಮ ಯಲಬುರ್ಗಿ ಕಡೆಯದು. ಕುರಿ ನಾಯಿಗಳ ಸಹವಾಸದಲ್ಲಿ ಬರುವ ನೀರುಗಡ್ಡೆ ಯಕೃತ್ತಿನಲ್ಲಿ ಎರಡು ಬೆಳೆದಿದ್ದವು. ಒಂದು ಮೇಲೆಯೇ ಇತ್ತು. ಇನ್ನೊಂದು ಒಳಗೆ, ದೊಡ್ಡ ರಕ್ತನಾಳದ ಮಗ್ಗುಲಲ್ಲಿ.

ಅವನ ಹೆಂಡತಿ ದುರುಗವ್ವ ಹಿಂದಿನ ದಿನ ನನ್ನನ್ನು ತಡೆದು ನಿಲ್ಲಿಸಿ ಕೇಳಿದಳು, "ನೆತ್ತರ ಭಾಳ ಹೋಗತೈತೇನ್ರಿ ಯಪ್ಪಾ?"

"ಇಲ್ಲವ್ವ," ಎಂದೆ. "ಅದಕ್ಕಂತ ಔಷಧ ತರಿಸೀನಿ."

ಆಪರೇಷನ್ ದಿನ ಬೆಳಿಗ್ಗೆ ಅವಳ ಅಣ್ಣತಮ್ಮಂದಿರು ಐದು ಮಂದಿ ರಕ್ತ ಕೊಡಲು ಟಂಟಂ ಗಾಡಿ ಹತ್ತಿ ಬಂದಿದ್ದರು. ತೋಳು ಏರಿಸಿಕೊಂಡೇ ನಿಂತಿದ್ದರು ಪಾಪ. ನಾನು ಇಬ್ಬರನ್ನು ಇರಿಸಿಕೊಂಡು ಮೂವರನ್ನು ಊರಿಗೆ ಕಳಿಸಿದೆ. ಹಿರಿಯವ ಹೇಮಪ್ಪ, "ಇರತೀವಲ್ರಿ, ಕುರಿ ಊರಾಗಿನ ಮಂದಿ ನೋಡಕೊಂತಾರ" ಎಂದ. ನಾನು, "ಎರಡು ಬಾಟ್ಲಿ ಸಾಕು, ಈಗ ಹಳೇ ಕಾಲ ಅಲ್ಲ" ಎಂದೆ. ಈ ಮಾತನ್ನು ಇಲ್ಲಿ ಹೇಳಬೇಕೆಂದು ನಾನು ಬಂದವನಲ್ಲ. ಪಾಠ ಹೇಳುತ್ತ ಹೇಳುತ್ತ ಬಂತು. ಬಂದ ಮೇಲೆ ಪೂರ್ತಿ ಮಾಡುತ್ತೇನೆ.

ಮೊದಲ ಗಡ್ಡೆ ಚೆನ್ನಾಗಿ ಬಂತು. ರಕ್ತ ಹೋಗಲಿಲ್ಲವೆಂದಲ್ಲ, ಹೋಯಿತು. ಆದರೆ ನೀರುಗಡ್ಡೆಯ ಆಪರೇಷನ್ನಿನಲ್ಲಿ ಉಪ್ಪುನೀರು ಹಾಕಿ ಹಾಕಿ ತೊಳೆಯುತ್ತಾರೆ. ಹೀರಿ ತೆಗೆದ ಬಾಟಲಿಯಲ್ಲಿ ನೀರೆಷ್ಟು, ರಕ್ತವೆಷ್ಟು, ನೋಡಿದವರಿಗೆ ತಿಳಿಯದು. ಇಲ್ಲಿಯೇ ಕುಳಿತಿರುವ ನೂರಜಾನಬಿ ಸಿಸ್ಟರ್ ಅಂದು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು, "ಸರ್, ಮೂರನೇ ಬಾಟ್ಲಿ ತುಂಬೈತ್ರಿ."

"ತೊಳದ ನೀರ ಸಿಸ್ಟರ್ ಅದು," ಎಂದೆ.

"ನೀರ ಇಷ್ಟ ಕೆಂಪ ಇರಂಗಿಲ್ರಿ," ಎಂದರು. ನಾನು ಮಾನಿಟರ್ ಕಡೆ ತಿರುಗಿದೆ.

ಮಾನಿಟರ್ ಮೇಲೆ ಬಿಪಿ ನೂರಾ ಹತ್ತು. ಹೇಗೆ ನೂರಾ ಹತ್ತು? ನಾನು ಔಷಧದ ಪಂಪನ್ನು ನಾಲ್ಕಕ್ಕೆ ಇಟ್ಟಿದ್ದೆ. ಬಿಪಿ ಇಳಿಯಿತು, ಆರು ಮಾಡಿದೆ. ಮತ್ತೆ ಇಳಿಯಿತು, ಒಂಬತ್ತು ಮಾಡಿದೆ. ಎರಡು ಬಾಟಲಿ ರಕ್ತವೂ ಆಗಲೇ ಮುಗಿದಿತ್ತು. ನಾಡಿ ನೂರಾ ಮೂವತ್ತಕ್ಕೆ ಏರಿತ್ತು. ಮಾರೆಪ್ಪನ ಬೆರಳು ಹಿಡಿದು ನೋಡಿದೆ, ತಣ್ಣಗಿದ್ದವು, ಉಗುರು ಬಿಳುಚಿದ್ದವು. ಬಿಗಿದ ನಾಳದಲ್ಲಿ ಒತ್ತಡ ಇತ್ತು, ರಕ್ತ ಇರಲಿಲ್ಲ. ಇದು ನನಗೆ ಓದಿ ಗೊತ್ತಿದ್ದ ಸಂಗತಿ. ಪರೀಕ್ಷೆಯಲ್ಲಿ ಬರೆದು ಪಾಸಾದ ಸಂಗತಿ.

ಆಗ ಸರ್ ಕೈ ನಿಲ್ಲಿಸಿದರು. ತಲೆ ಎತ್ತದೆಯೇ ಕೇಳಿದರು, "ಗೋವಿಂದರಾಜ, ಹೆಂಗೈತಿ? ಎರಡನೇದಕ್ಕ ಕೈ ಹಾಕ್ಲೋ, ಬಟ್ಟಿ ತುರುಕಿ ಮುಚ್ಚಿ ಹುಬ್ಬಳ್ಳಿಗೆ ಕಳಸೋಣೋ?"

ಸಭಿಕರೇ, ಈ ಪ್ರಶ್ನೆ ಎಷ್ಟು ದೊಡ್ಡದೆಂದು ನಿಮಗೆ ತಿಳಿಯಬೇಕು. ರಕ್ತ ಒಸರುವ ಜಾಗಕ್ಕೆ ಬಟ್ಟೆ ಒತ್ತಿ, ಹೊಟ್ಟೆ ಮುಚ್ಚಿ ಕಳಿಸುವುದು ಸೋಲಲ್ಲ. ಆ ಹಿಂದಿನ ವರ್ಷ ಟ್ರ್ಯಾಕ್ಟರಿನಿಂದ ಬಿದ್ದು ಯಕೃತ್ತು ಒಡೆದುಕೊಂಡ ಕುಷ್ಟಗಿಯ ಗ್ಯಾನಪ್ಪನನ್ನು ಸರ್ ಹಾಗೆಯೇ ಬಟ್ಟೆ ತುರುಕಿ ಕಳಿಸಿದ್ದರು. ಅವನು ಬದುಕಿದ. ದಾಳಿಂಬೆ ತಂದು ಕೊಟ್ಟು ಹೋದ. ಅಂದರೆ ಮಾರೆಪ್ಪನ ಜೀವ ಸರ್ ಕೈಯಲ್ಲಿ ಇರಲಿಲ್ಲ. ನನ್ನ ಬಾಯಲ್ಲಿ ಇತ್ತು.

ನಾನು ಏಕೆ ಹೇಳಲಿಲ್ಲ? ಔಷಧ ತರಿಸಿದವನು ನಾನು. ಮೂವರನ್ನು ಊರಿಗೆ ಕಳಿಸಿದವನು ನಾನು. 'ರಕ್ತ ಬೇಕು' ಎಂದರೆ ಅವೆರಡೂ ತಪ್ಪಾಗುತ್ತಿದ್ದವು. ಎದುರಿಗೆ ಸ್ಕ್ರೀನಿನಲ್ಲಿ ಒಳ್ಳೆಯ ಅಂಕಿ ಇತ್ತು. ಬಾಯಿಗೆ ರೂಢಿಯ ಮಾತು ಇತ್ತು.

"ಛಲೋ ಐತ್ರಿ ಸರ್," ಎಂದೆ.

ಸರ್ ಎರಡನೆಯ ಗಡ್ಡೆಗೆ ಕೈ ಹಾಕಿದರು. ಇಪ್ಪತ್ತು ನಿಮಿಷದಲ್ಲಿ ಮಾರೆಪ್ಪನ ಹೃದಯ ನಿಂತಿತು. ಮುಕ್ಕಾಲು ಗಂಟೆ ಎದೆ ಒತ್ತಿದೆವು. ಬರಲಿಲ್ಲ. ನಡುವೆ ಹೊರಗೆ ರಕ್ತಕ್ಕೆ ಓಡಿದರು. ಕೊಡುವವರು ಯಲಬುರ್ಗಿ ದಾರಿಯಲ್ಲಿದ್ದರು.

ದುರುಗವ್ವನಿಗೆ ಹೇಳಲು ಹೋದವರು ಸರ್. ನಾನು ಅವರ ಬೆನ್ನ ಹಿಂದೆ ನಿಂತೆ. ಅವಳು ಅಳಲಿಲ್ಲ, ಕೂಗಲಿಲ್ಲ. ಸರ್ ಅವರ ಎರಡೂ ಕೈ ಹಿಡಿದು, ಅಂಗೈ ಮೇಲೆ ಮಾಡಿ ನೋಡಿ, "ಈ ಕೈಯಾಗ ಏನಾತ್ರಿ ಸಾಹೇಬ್ರ?" ಎಂದು ಕೇಳಿದಳು. ಬೈಯಲಿಕ್ಕಲ್ಲ, ತಿಳಿದುಕೊಳ್ಳಲಿಕ್ಕೆ ಕೇಳಿದಳು. ಸರ್, "ತಪ್ಪಾತವ್ವ" ಎಂದರು. ಅವಳು ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೆ ಹೇಳುತ್ತಿದ್ದೆನೇ? ಹೇಳುತ್ತಿದ್ದೆ ಎಂದು ಬಹಳ ವರ್ಷ ನಂಬಿದ್ದೆ. ಈಗ ನಂಬುವುದಿಲ್ಲ.

ಆ ವಾರ ಕಾರಿನಲ್ಲಿ ಹೋಗುವಾಗ ಸರ್ ಕೇಳಿದರು, "ಎಲ್ಲೆ ಕೈ ಜಾರ್ತಪಾ ನನಗ? ನೀ ಎದುರಿಗೇ ಇದ್ದೆಲ್ಲ, ಹೇಳು." ನಾನು ಕಿಟಕಿಯ ಕಡೆ ನೋಡುತ್ತ, "ಹಣೇಬರಹರಿ ಸರ್" ಎಂದೆ. ನಾಲ್ಕು ತಿಂಗಳಿಗೆ ಅವರು ಚಾಕು ಕೆಳಗಿಟ್ಟರು. ಕುಷ್ಟಗಿಯಲ್ಲಿ ಕ್ಲಿನಿಕ್ ತೆರೆದು ಜ್ವರಕ್ಕೆ, ಕೆಮ್ಮಿಗೆ ಗುಳಿಗೆ ಬರೆಯುತ್ತ ಕುಳಿತರು. ಕುರು ಬಂದರೂ ಕೊಯ್ಯಲಿಲ್ಲ, ಬೇರೆಯವರ ಹತ್ತಿರ ಕಳಿಸಿದರು. ಸಾವಿರಾರು ಹೊಟ್ಟೆ ತೆರೆದು ಮುಚ್ಚಿದ ಕೈ ಅದು. ಅವರು ಹೋದ ಮೇಲೆ ಮೂರು ವರ್ಷ ಇಲ್ಲಿ ಹೊಟ್ಟೆ ಕೊಯ್ಯುವವರೇ ಇರಲಿಲ್ಲ. ಹುಬ್ಬಳ್ಳಿಗೆಂದು ಹೊರಟ ಆಂಬುಲೆನ್ಸಿನಲ್ಲಿ ಎಷ್ಟು ಮಂದಿ ದಾರಿಯಲ್ಲೇ ಹೋದರು? ನಾನು ಕೇಳಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ.

ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ. 'ಊಟಕ್ಕೆ ಹೊತ್ತಾಯಿತು' ಎಂದು ಬರೆದಿದ್ದಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಎರಡೇ ನಿಮಿಷ.

ಮಕ್ಕಳೇ, ಇದನ್ನು ಬರೆದುಕೊಳ್ಳಿ. ಔಷಧದ್ದು ತಪ್ಪಲ್ಲ. ಅದು ರಕ್ತ ಹೋಗುವುದನ್ನು ತಗ್ಗಿಸುತ್ತದೆ, ಹೋದ ರಕ್ತವನ್ನು ತಂದು ಕೊಡುವುದಿಲ್ಲ. ಪಂಪು ಏರಿಸಿದಾಗಲೆಲ್ಲ ಬಾಯಿಬಿಟ್ಟು ಹೇಳಿ, 'ಏರಿಸಿದೆ, ಇಷ್ಟು ಏರಿಸಿದೆ' ಎಂದು. ಕೊಯ್ಯುವವರು ಬೈದರೆ ಬೈಸಿಕೊಳ್ಳಿ. ಇದನ್ನು ನಾನು ಹನ್ನೆರಡು ವರ್ಷದಿಂದ ಪಾಲಿಸಿದ್ದೇನೆ. ಹಾಗೆಂದು ಮಾರೆಪ್ಪನಿಗೆ ಅದರಿಂದ ಏನು ಬಂತು? ಏನೂ ಬರಲಿಲ್ಲ. ದುರುಗವ್ವ ಕುರಿ ಮಾರಿ ಎಲ್ಲಿಗೋ ದುಡಿಯಲು ಹೋದಳಂತೆ. ಎಲ್ಲಿಗೆಂದು ಅವಳ ಅಣ್ಣ ಹೇಮಪ್ಪನೂ ನನಗೆ ಹೇಳಲಿಲ್ಲ.

ಇನ್ನು ಅಧ್ಯಕ್ಷರಿಗೆ ಒಂದು ಮಾತು. ಸರ್, ಸ್ವಲ್ಪ ಹೊತ್ತಿನ ಮುಂಚೆ ನನಗೆ ಶಾಲು ಹೊದಿಸಿದಿರಿ. ನಿಮ್ಮ ಬಲಗೈ ನಡುಗುತ್ತಿತ್ತು. ಎಪ್ಪತ್ತೆರಡು ವರ್ಷ ನಿಮಗೆ. ಇವತ್ತು ನಾನು ಹೇಳಿದ್ದರಿಂದ ಆ ಕೈ ಮತ್ತೆ ಚಾಕು ಹಿಡಿಯುವುದಿಲ್ಲ. ಹಿಡಿಯಬಹುದಾಗಿದ್ದ ವರ್ಷಗಳಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದೆ. ಕ್ಷಮಿಸಿ ಎಂದು ಕೇಳಲು ನನಗೆ ಮುಖವಿಲ್ಲ.

ಬೆಳಿಗ್ಗೆ ಗೇಟಿನಲ್ಲಿ ಕಾರು ಇಳಿದವರೇ ಹಳೆಯ ರೂಢಿಯಂತೆ ನೀವು, "ಗೋವಿಂದರಾಜ, ಹೆಂಗೈತಿ?" ಎಂದಿರಿ. ನಾನೂ ಹಳೆಯ ರೂಢಿಯಂತೆಯೇ ಉತ್ತರ ಕೊಟ್ಟೆ. ಅದನ್ನು ಈ ಸಭೆಯ ಎದುರು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಛಲೋ ಇಲ್ರಿ ಸರ್. ಎರಡನೇ ಗಡ್ಡಿಗೆ ಕೈ ಹಾಕೂಕಿಂತ ಮೊದಲ ನೀವು ಕೇಳಿದ್ರಿ. ಆಗೂ ಛಲೋ ಇರಲಿಲ್ರಿ. ನನಗ ಗೊತ್ತಿತ್ತು. ನಿಮ್ಮ ಕೈ ಎಲ್ಲೂ ಜಾರಿಲ್ರಿ ಸರ್.

ಈ ಶಾಲು, ಈ ಹಾರ, ಈ ಮಾನಪತ್ರಕ್ಕಾಗಿ ದುಡಿದ ಎಲ್ಲರಿಗೂ, ನಡುವೆ ಎದ್ದು ಹೋಗದೆ ಕೇಳಿದ ನಿಮಗೂ ನನ್ನ ವಂದನೆಗಳು. ನಮಸ್ಕಾರ.