ಟ್ಯಾಂಕಿನ ಏರಿನಲ್ಲಿ ಮಗುಚಿದ ಎ.ಟಿ.ವಿ. ಮತ್ತು ಅದಕ್ಕೆ ನಾನು ಹಾಕಿದ ಕ್ಯಾಮ್‌ಶಾಫ್ಟ್

ಎಲ್ಲರೂ ಟ್ಯಾಪೆಟ್ ಎಂದು ಕರೆಯುವ ನಾನು, ವಯಸ್ಸು 52 ವರ್ಷ, ಉದ್ಯೋಗ ಎಂಜಿನ್ ಮೆಕ್ಯಾನಿಕ್, ವಾಸ ಬಸ್ ಡಿಪೋ ಹಿಂದಿನ ರಸ್ತೆಯಲ್ಲಿ ಕಬ್ಬಿಣದ ಅಂಗಡಿಯ ಮೇಲಿನ ಮಹಡಿ, ಇಂದು 11ನೇ ತಾರೀಖು ಬೆಳಿಗ್ಗೆ 10.20ಕ್ಕೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಾನು 31 ವರ್ಷಗಳಿಂದ ಎಂಜಿನ್ ಕೆಲಸ ಮಾಡುತ್ತಿದ್ದೇನೆ. ಟ್ಯಾಪೆಟ್ ಗ್ಯಾಪನ್ನು, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಣ್ಣ ಸಂದನ್ನು, ಅಳತೆಪಟ್ಟಿ ಇಲ್ಲದೆ ಕಿವಿಯಲ್ಲೇ ಕೇಳಿ ಕೂರಿಸುತ್ತೇನೆಂದು ಈ ಹೆಸರು ಬಂತು. ಆ ಹೆಸರಿನ ಜಂಬ ನನಗಿದೆ. ಜಂಬದ ಮಾತು ಹೇಳಿಕೆಯಲ್ಲಿ ಬೇಡ ಎಂದು ಇದನ್ನು ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೇಬಲ್ ಹೇಳಿದರು. ಮುಂದಿನದಕ್ಕೆಲ್ಲ ಅದೇ ಮೂಲ, ಬರೆದುಕೊಳ್ಳಿ ಎಂದು ನಾನೇ ಒತ್ತಾಯಿಸಿ ಬರೆಸಿದ್ದೇನೆ.

ನನ್ನ ತಂಗಿ, ವಯಸ್ಸು 41, ನೀರು ಸರಬರಾಜು ಗುತ್ತಿಗೆದಾರರ ಬಳಿ ಪಂಪ್ ಆಪರೇಟರ್. ದಿನವೂ ಬೆಳಿಗ್ಗೆ 6.30ಕ್ಕೆ ಗುತ್ತಿಗೆದಾರರ ನಾಲ್ಕು ಚಕ್ರದ ಎ.ಟಿ.ವಿ. ಬೈಕಿಗೆ 20 ಲೀಟರಿನ ಎರಡು ಕ್ಲೋರಿನ್ ಕ್ಯಾನ್ ಕಟ್ಟಿಕೊಂಡು ಗುಡ್ಡದ ಮೇಲಿನ ಟ್ಯಾಂಕಿಗೆ ಹೋಗುತ್ತಾಳೆ. ದಾರಿ 1.1 ಕಿ.ಮೀ., ಮಣ್ಣಿನದು, ಮೂರು ತಿರುವು. ಟ್ಯಾಂಕಿನ ಕಾವಲುಗಾರರಿಗೆ 61 ವರ್ಷ, ಮಂಡಿನೋವು. ಅವರನ್ನೂ ಹಿಂದೆ ಕೂರಿಸಿಕೊಂಡು ಹೋಗುವುದು ಅವಳ ರೂಢಿ.

ಈ ತಿಂಗಳು 2ನೇ ತಾರೀಖು ಬೆಳಿಗ್ಗೆ 7.40ಕ್ಕೆ ತಂಗಿ ಗಾಡಿಯನ್ನು ನನ್ನ ಶೆಡ್ಡಿಗೆ ತಂದಳು. "ಅಣ್ಣಾ, ಏರು ಬಂದ್ರೆ ಸಾಕು, ಏದುಸಿರು ಬಿಡುತ್ತೆ. ಒಂದಿನ ಅರ್ಧದಲ್ಲೇ ಕೈ ಕೊಡುತ್ತೆ ನೋಡು," ಎಂದಳು. ಮರುದಿನ ಎಂಜಿನ್ನಿನ ಮೇಲಿನ ಮುಚ್ಚಳ ಬಿಚ್ಚಿ ನೋಡಿದೆ. ಕ್ಯಾಮ್‌ಶಾಫ್ಟ್ ಸವೆದಿತ್ತು. ಕ್ಯಾಮ್‌ಶಾಫ್ಟ್ ಎಂದರೆ ವಾಲ್ವುಗಳನ್ನು ಒತ್ತಿ ತೆರೆಯುವ, ಮೈಮೇಲೆ ಉಬ್ಬುಗಳಿರುವ ತಿರುಗುವ ದಂಡ. ವಾಲ್ವ್ ಎಷ್ಟು ಎತ್ತರಕ್ಕೆ, ಎಷ್ಟು ಹೊತ್ತು ತೆರೆದಿರಬೇಕೆಂದು ಆ ಉಬ್ಬೇ ತೀರ್ಮಾನಿಸುತ್ತದೆ. ಕಂಪನಿಯದು ಬರಲು ಮೂರು ವಾರ ಬೇಕೆಂದರು. ರೇಸಿಗೆ ಹೋಗುವ ಗಿರಾಕಿಯೊಬ್ಬ ತರಿಸಿ ಬಿಟ್ಟುಹೋದ, ಬೇರೆ ಕಂಪನಿ ತಯಾರಿಸಿದ ಕ್ಯಾಮ್‌ಶಾಫ್ಟ್ ಇದೇ ಎಂಜಿನ್ನಿಗೆ ಹೊಂದುವಂಥದ್ದು ನನ್ನ ಕಪಾಟಿನಲ್ಲಿತ್ತು. ಅದರ ಉಬ್ಬು ಹಳೆಯದಕ್ಕಿಂತ ಎತ್ತರ, ಅಗಲ.

ಪೆಟ್ಟಿಗೆಯಲ್ಲಿ ಒಂದು ಕಾಗದವಿತ್ತು. ಕನ್ನಡಕ ಹಾಕಿಕೊಂಡು ಓದಿದೆ. ಎಂಜಿನ್ ನಿಧಾನವಾಗಿ ತಿರುಗುವಾಗ ಎಳೆತ ತಗ್ಗುತ್ತದೆ, ಜೋರಾಗಿ ತಿರುಗುವಾಗ ಶಕ್ತಿ ಏರುತ್ತದೆ, ಭಾರ ಹೊತ್ತು ನಿಧಾನವಾಗಿ ಏರು ಹತ್ತುವ ಕೆಲಸಕ್ಕೆ ತಕ್ಕುದಲ್ಲ ಎಂದು ಅದರಲ್ಲಿದೆ. ಇವರೇನು ನನಗೆ ಹೇಳಿಕೊಡುವುದು ಎಂದುಕೊಂಡು ಮಡಚಿ ಪೆಟ್ಟಿಗೆಗೇ ಹಾಕಿದೆ.

4ನೇ ತಾರೀಖು ಮಧ್ಯಾಹ್ನ 12.30ಕ್ಕೆ ಎಂಜಿನ್ ಜೋಡಿಸಿ ಮುಗಿಯಿತು. ನಮ್ಮ ರಸ್ತೆಯ ಶೆಡ್ಡುಗಳಲ್ಲಿ ಯಾವ ಗಾಡಿಯಾದರೂ ಡಿಪೋ ಹಿಂದಿನ 600 ಮೀಟರ್ ಸಮತಟ್ಟು ರಸ್ತೆಯಲ್ಲೇ ಓಡಿಸಿ ನೋಡುತ್ತೇವೆ. ಮೈಮೇಲೆ ಭಾರವಿಲ್ಲದೆ, ಮೂರನೇ ಗೇರಿನಲ್ಲಿ. ಅದೇ ನಮ್ಮ ಪರೀಕ್ಷೆ, ಅದರಲ್ಲಿ ಗೆದ್ದರೆ ಗಾಡಿ ಗೆದ್ದ ಹಾಗೆ. ಗಾಡಿ ಹಾರಿತು ಎಂದೇ ಹೇಳಬೇಕು. ಪಕ್ಕದ ವೆಲ್ಡರ್, "ಏನಣ್ಣಾ, ಮುದಿ ಎತ್ತಿಗೆ ರೆಕ್ಕೆ ಕಟ್ಟಿದೀಯಾ!" ಎಂದ. ಇನ್ನೂ ನಾಲ್ಕೈದು ಜನ ನಿಂತು ನೋಡುತ್ತಿದ್ದರು. ನನಗೆ ಖುಷಿಯಾಯಿತು.

ವಾಪಸ್ಸು ಬರುವಾಗ ಗೋದಾಮಿನ ಲಾರಿ ಹತ್ತುವ ಇಳಿಜಾರು, ಸುಮಾರು 15 ಮೀಟರ್ ಉದ್ದದ್ದು, ಎರಡನೇ ಗೇರಿನಲ್ಲಿ ಹತ್ತಿಸಿದೆ. ಅರ್ಧದ ತನಕ ಎಂಜಿನ್ ತೂಕಡಿಸಿತು. ಆಕ್ಸಿಲರೇಟರ್ ಇನ್ನಷ್ಟು ಒತ್ತಿದೆ. ಆಗ ಶಕ್ತಿಯೆಲ್ಲ ಒಮ್ಮೆಲೇ ಬಂದು ಮುಂದಿನ ಎರಡು ಗಾಲಿ ಒಂದು ಗೇಣು ಮೇಲೆದ್ದವು. ಸುತ್ತ ನೋಡಿದೆ, ಅಲ್ಲಿ ಯಾರೂ ಇರಲಿಲ್ಲ. ಶೆಡ್ಡಿಗೆ ಬಂದು ಯಾರಿಗೂ ಏನೂ ಹೇಳಲಿಲ್ಲ. ಅಷ್ಟು ಜನರೆದುರು ಹೊಗಳಿಸಿಕೊಂಡ ಕೆಲಸವನ್ನು ಮತ್ತೆ ಬಿಚ್ಚಲು ಮನಸ್ಸು ಬರಲಿಲ್ಲ. ಸಂಜೆ 5ಕ್ಕೆ ತಂಗಿ ಗಾಡಿ ಒಯ್ದಳು.

6ನೇ ತಾರೀಖು ಬೆಳಿಗ್ಗೆ 8.05ಕ್ಕೆ ತಂಗಿ ಫೋನ್ ಮಾಡಿದಳು. "ಅಣ್ಣಾ, ಎರಡನೇ ತಿರುವಲ್ಲಿ ನಿದ್ದೆ ಹೋಗುತ್ತೆ, ಆಮೇಲೆ ಯಾರೋ ಒದ್ದ ಹಾಗೆ ನೆಗೆಯುತ್ತೆ. ನಂಗೆ ಭಯ ಆಗುತ್ತೆ ಕಣೋ," ಎಂದಳು. ನಾನು ನಕ್ಕು, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಗಾಡಿ ಚಿನ್ನದ ಹಾಗಿದೆ. ನಿನ್ನ ಹೆಬ್ಬೆರಳು ಒರಟು, ಮೆಲ್ಲಗೆ ಒತ್ತೋದು ಕಲಿ," ಎಂದೆ. ಎ.ಟಿ.ವಿ.ಯ ಆಕ್ಸಿಲರೇಟರನ್ನು ಬಲಗೈ ಹೆಬ್ಬೆರಳಿನಿಂದ ಒತ್ತಬೇಕು. ಅವಳು ಸರಿ ಎಂದಳು.

ಹೆಬ್ಬೆರಳಿಗೂ ಇದಕ್ಕೂ ಸಂಬಂಧವಿಲ್ಲವೇ ಎಂದು ಹೆಡ್ ಕಾನ್‌ಸ್ಟೇಬಲ್ ಈಗ ಕೇಳಿದ್ದರಿಂದ ವಿವರಿಸುತ್ತೇನೆ. ಹಳೆಯ ಕ್ಯಾಮ್‌ಶಾಫ್ಟಿನಲ್ಲಿ ಬೆರಳು ಒತ್ತಿದಷ್ಟೇ ಶಕ್ತಿ ಸಿಗುತ್ತದೆ. ನಾನು ಹಾಕಿದ್ದರಲ್ಲಿ ಅರ್ಧ ಒತ್ತಿದರೂ ಗಾಡಿ ಏರು ಹತ್ತುವುದಿಲ್ಲ, ಹಿಂದಕ್ಕೆ ಜಾರುತ್ತದೆ. ಜಾರಬಾರದೆಂದು ಯಾರೇ ಆಗಲಿ ಇನ್ನಷ್ಟು ಒತ್ತಲೇಬೇಕು. ಒತ್ತಿದೊಡನೆ ಬೇಕಾದದ್ದಕ್ಕಿಂತ ಎರಡು ಪಟ್ಟು ಬರುತ್ತದೆ. ಹಿಂದೆ ಕ್ಯಾನ್, ಅದರ ಜೊತೆಗೆ ಒಬ್ಬರು ಕೂತಿದ್ದರೆ ಮುಂಭಾಗ ಏಳದೆ ಇರುವುದಿಲ್ಲ. ಮೆಲ್ಲಗೆ ಒತ್ತಿದರೆ ಗಾಡಿ ನಿಲ್ಲುತ್ತದೆ, ಜೋರಾಗಿ ಒತ್ತಿದರೆ ಮಗುಚುತ್ತದೆ. ನಡುವೆ ಬೇರೆ ದಾರಿಯಿಲ್ಲ.

9ನೇ ತಾರೀಖು ಬೆಳಿಗ್ಗೆ ಸುಮಾರು 6.50ಕ್ಕೆ ಮೂರನೇ ತಿರುವಿನಲ್ಲಿ, ಟ್ಯಾಂಕಿನ ಗೇಟಿಗೆ 140 ಮೀಟರ್ ಇರುವಾಗ, ಗಾಡಿ ಹಿಂದಕ್ಕೆ ಮಗುಚಿತು. ತಂಗಿ ಎಡಕ್ಕೆ ಎಸೆಯಲ್ಪಟ್ಟಳು. ಕಾವಲುಗಾರರು ಗಾಡಿಯ ಕೆಳಗೆ ಸಿಕ್ಕಿಕೊಂಡರು. ಅವರ ಬಲ ತೊಡೆಯ ಮೂಳೆ ಎರಡು ಕಡೆ ಮುರಿದಿದೆ. ಶಸ್ತ್ರಚಿಕಿತ್ಸೆಯಾಗಿದೆ. ಮತ್ತೆ ನಡೆಯುತ್ತಾರೋ ಇಲ್ಲವೋ ವೈದ್ಯರು ಈಗಲೇ ಹೇಳುವುದಿಲ್ಲವಂತೆ.

ನಾನು 8.15ಕ್ಕೆ ಸ್ಥಳಕ್ಕೆ ಹೋದೆ. ಗಾಡಿ ಎರಡನೇ ಗೇರಿನಲ್ಲೇ ಇತ್ತು. ಹಿಂದಿನ ಗಾಲಿಗಳು ಮಣ್ಣು ಕೆರೆದ ಗುರುತು 40 ಸೆಂ.ಮೀ. ಮಾತ್ರ. ವೇಗವಾಗಿ ಹೋಗಿದ್ದರೆ ಗುರುತು ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಕ್ಯಾನ್ ಒಡೆದು ಕ್ಲೋರಿನ್ ವಾಸನೆಗೆ ಕಣ್ಣುರಿ. ಕಣ್ಣಲ್ಲಿ ನೀರು ಬಂದದ್ದು ಅದಕ್ಕೇ ಎಂದು ಅಲ್ಲಿದ್ದವರಿಗೆ ಹೇಳಿದೆ.

ಅದೇ ದಿನ ಆಸ್ಪತ್ರೆಯಲ್ಲಿ, ಕಾವಲುಗಾರರ ಮಗ ತಂಗಿಯ ಮೇಲೆ ಅಜಾಗರೂಕ ಚಾಲನೆಯ ದೂರು ಕೊಟ್ಟಿದ್ದಾರೆಂದೂ, ತಂಗಿ ಪೊಲೀಸರಿಗೆ, ತಪ್ಪೆಲ್ಲ ತನ್ನ ಬೆರಳಿನದೇ, ತಾನೇ ಜೋರಾಗಿ ಒತ್ತಿಬಿಟ್ಟೆ ಎಂದು ಬರೆಸಿದ್ದಾಳೆಂದೂ ತಿಳಿಯಿತು. ಆ ಹೇಳಿಕೆ ಹಾಗೆಯೇ ಉಳಿದರೆ ಅವಳ ಕೆಲಸ ಹೋಗುತ್ತದೆ, ಲೈಸೆನ್ಸ್ ಹೋಗುತ್ತದೆ, ಜೈಲೂ ಆಗಬಹುದು. ಮಧ್ಯಾಹ್ನ 2ಕ್ಕೆ ಗುತ್ತಿಗೆದಾರರು ನನ್ನನ್ನು ವರಾಂಡದ ಮೂಲೆಗೆ ಕರೆದು, "ನೋಡಪ್ಪಾ, ನಿನ್ನ ತಂಗಿ ಒಪ್ಕೊಂಡಾಗಿದೆ. ಒಬ್ಬರು ಮುಳುಗೋ ಕಡೆ ಇಬ್ಬರು ಯಾಕೆ? ಹನ್ನೊಂದನೇ ತಾರೀಖು ಗಾಡಿ ತಪಾಸಣೆಗೆ ಬರ್ತಾರೆ. ಅಷ್ಟರಲ್ಲಿ ಹಳೇದನ್ನೇ ಹಾಕ್ಬಿಡು," ಎಂದರು. ನಾನು ಆಗಲ್ಲ ಎನ್ನಲಿಲ್ಲ.

10ನೇ ತಾರೀಖು ಮಧ್ಯಾಹ್ನ 3ಕ್ಕೆ ಹಳೆಯ ಕ್ಯಾಮ್‌ಶಾಫ್ಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಮಗುಚಿದ ಗಾಡಿಯನ್ನು ತಂದಿಟ್ಟಿದ್ದ ಗುತ್ತಿಗೆದಾರರ ಶೆಡ್ಡಿಗೆ ಹೋದೆ. ಬೆವರಿಗೆ ಸ್ಪ್ಯಾನರ್ ಎರಡು ಸಲ ಜಾರಿತು. ಹೊರಗೆ ಗಾಡಿ ಸದ್ದಾದಾಗಲೆಲ್ಲ ಪೊಲೀಸರೇ ಬಂದರೆಂದು ಕೈ ನಿಲ್ಲುತ್ತಿತ್ತು. ಮುಚ್ಚಳದ ನಾಲ್ಕು ಬೋಲ್ಟಿನಲ್ಲಿ ಮೂರು ಬಿಚ್ಚಿದ್ದೆ. ಆಗ ತಂಗಿಯ ಗಂಡ ನನ್ನನ್ನು ಹುಡುಕಿಕೊಂಡು ಬಂದರು. ಅವರು ದರ್ಜಿ, ಮಾತು ಕಡಿಮೆ. "ಭಾವ, ನೀವಾದ್ರೂ ಅವಳಿಗೆ ಒಂದು ಮಾತು ಹೇಳಿ. ಊಟ ಬಿಟ್ಟಿದ್ದಾಳೆ. ನೀವು ಫೋನಲ್ಲಿ ಹೇಳಿದ ದಿನದಿಂದ ಬಟ್ಟೆ ಬ್ರಷ್ ಹಿಡ್ಕೊಂಡು ಹೆಬ್ಬೆರಳು ಮೆಲ್ಲಗೆ ಒತ್ತೋದು ಕಲೀತಿದ್ಲು. ಅಣ್ಣ ಹೇಳಿದ್ಮೇಲೆ ನಂದೇ ತಪ್ಪಿರುತ್ತೆ ಅಂತಿದ್ಲು," ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಹೋದ ಮೇಲೆ ಮೂರೂ ಬೋಲ್ಟ್ ವಾಪಸ್ಸು ಬಿಗಿ ಮಾಡಿದೆ. ನಾನು ಹಾಕಿದ ಕ್ಯಾಮ್‌ಶಾಫ್ಟ್ ಎಂಜಿನ್ನಿನಲ್ಲಿ ಹಾಗೆಯೇ ಇದೆ. ಹಳೆಯದನ್ನೂ, ಪೆಟ್ಟಿಗೆಯನ್ನೂ, ಅದರೊಳಗಿನ ಕಾಗದವನ್ನೂ ಇದರೊಂದಿಗೆ ಹಾಜರುಪಡಿಸಿದ್ದೇನೆ.

ತಂಗಿಯನ್ನು ಎರಡನೇ ಹೇಳಿಕೆಗೆಂದು ಇಂದು 11.30ಕ್ಕೆ ಠಾಣೆಗೆ ಕರೆಸಲಾಗಿತ್ತು. ಅವಳಿಗೆ ಇದನ್ನು ಎದುರೆದುರೇ ಹೇಳುವ ಧೈರ್ಯ ನನಗಿಲ್ಲ, ಆದ್ದರಿಂದ ನನ್ನ ಹೇಳಿಕೆಯನ್ನು ಅವಳು ಕೇಳುವಂತೆ ಓದಬೇಕೆಂದು ಕೋರಿದೆ. ಹಾಗೆ ಪದ್ಧತಿ ಇಲ್ಲ ಎಂದರು. ಕಾಲಿಗೆ ಬೀಳುತ್ತೇನೆ ಎಂದೆ. ಹೆಡ್ ಕಾನ್‌ಸ್ಟೇಬಲ್ ಅವಳನ್ನು ಒಳಗೆ ಕರೆದು, ನನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಮೊದಲಿನಿಂದ ಓದಿದರು. ಓದಲು 9 ನಿಮಿಷ ಹಿಡಿಯಿತು. ಅವಳು ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಕೇಳಿದಳು.

ಓದಿ ಮುಗಿದ ಮೇಲೆ ನನ್ನ ಕಡೆ ನೋಡದೆ, "ನಾನು ಭಯ ಆಗುತ್ತೆ ಅಂದಾಗ ನಿಂಗೆ ಗೊತ್ತಿತ್ತಾ?" ಎಂದು ಕೇಳಿದಳು. ಗೊತ್ತಿತ್ತು ಎಂದೆ. ಅವಳು ಎದ್ದು, ತನ್ನ ಕುರ್ಚಿಯನ್ನು ಮೇಜಿನ ಆ ಬದಿಗೆ ಎಳೆದುಕೊಂಡು ಕೂತು, ತಾನು ಮೊದಲು ಕೊಟ್ಟ ಹೇಳಿಕೆ ತಪ್ಪು, ಹೊಸದಾಗಿ ಬರೆಸಬೇಕು, ಅಷ್ಟು ಹೊತ್ತು ಈ ಮನುಷ್ಯ ಹೊರಗಿರಲಿ ಎಂದು ಹೆಡ್ ಕಾನ್‌ಸ್ಟೇಬಲ್ ಅವರಿಗೆ ಹೇಳಿದಳು.

ಮೇಲೆ ಬರೆದಿರುವುದೆಲ್ಲ ನಾನು ಹೇಳಿದಂತೆಯೇ ಇದೆ, ನನಗೆ ತಿಳಿದಂತೆ ನಿಜ, ನನ್ನನ್ನು ಉಳಿಸುವ ಒಂದು ಮಾತೂ ಇದರಲ್ಲಿ ಸೇರಿಲ್ಲ. ಸಹಿ ಹಾಕಿ ಹೊರಗೆ ಹೋಗುತ್ತಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 11ನೇ ತಾರೀಖು, ಸಮಯ 12.05
ಸಹಿ: (ಟ್ಯಾಪೆಟ್)