ಗಂಗಾಚಾರಿ ಕೇಳಿದ ಮೂರು ದಿನ

ಹೂಂಗುಟ್ಟೋರು ಹತ್ತಿರ ಬನ್ನಿ, ಆಕಳಿಸೋರು ಗೋಡೆ ಕಡೆ ತಿರುಗಿ ಕೂತ್ಕೊಳ್ಳಿ. ಈ ಕಥೆಯನ್ನ ಎಷ್ಟು ಸಲ ಹೇಳಿದ್ದೀನೋ ಲೆಕ್ಕವಿಲ್ಲ. ನನಗೂ ಸಾಕಾಗಿದೆ. ಆದರೂ ಹೇಳ್ತೀನಿ, ಯಾಕಂದ್ರೆ ನೀವು ಕೇಳಿಯೂ ಕೇಳದ ಹಾಗೆ ಎದ್ದು ಹೋಗ್ತೀರಿ.

ಒಂದಾನೊಂದು ಸೀಮೆ. ಹೆಸರು ಕೇಳಬೇಡಿ, ಗೊತ್ತಿದ್ದರೆ ನಾನೇ ಹೇಳ್ತಿದ್ದೆ. ಆ ಸೀಮೆಯಲ್ಲಿ ಒಂದು ದೊಡ್ಡ ಬಂಡೆ, ಬಂಡೆಯ ನೆತ್ತಿ ಮೇಲೆ ಒಂದು ಊರು. ಯಾಕಪ್ಪಾ ಅಲ್ಲಿ ಹೋಗಿ ಕೂತರು ಅಂತೀರಾ? ಹಿಂದೆ ದಂಡು ಬರ್ತಿತ್ತು, ದೋಚ್ಕೊಂಡು ಹೋಗ್ತಿತ್ತು, ಹೆದರಿ ಹತ್ತಿದರು. ದಂಡು ಬರೋದು ನಿಂತು ಎಷ್ಟೋ ಕಾಲವಾಯ್ತು, ಇವರು ಮಾತ್ರ ಇಳೀಲಿಲ್ಲ. ನೀರು ಕೆಳಗೆ, ಹೊಲ ಕೆಳಗೆ, ಉಣ್ಣೋ ಬಾಯಿ ಮೇಲೆ. ಗಟ್ಟಿ ಗಂಡಸರು ಬಂಡೆಗೆ ಕೊರೆದ ಗುಳಿಗಳಲ್ಲಿ ಕಾಲಿಟ್ಟು ಹತ್ತಿ ಇಳೀತಿದ್ರು. ಮಿಕ್ಕೋರಿಗೆಲ್ಲ ಒಂದು ಬುಟ್ಟಿ. ಬಂಡೆ ಅಂಚಿನಲ್ಲಿ ಮರದ ತಿರುಗಣೆ ಹೂಡಿದ್ರು. ನಾಲ್ಕು ಆಳು ಅದನ್ನ ತಿರುಗಿಸಿದರೆ ಬುಟ್ಟಿ ಇಳೀತಿತ್ತು, ಹತ್ತುತಿತ್ತು.

ಆ ಬುಟ್ಟಿಯನ್ನ ಯಾವುದರಲ್ಲಿ ತೂಗಿಬಿಡೋದು? ಮೊದಲು ನಾರಿನ ಹಗ್ಗ ಕಟ್ಟಿದ್ರು. ಮಳೆಗೆ ಕೊಳೀತು. ಆಮೇಲೆ ತೊಗಲಿನ ಮಿಣಿ ಕಟ್ಟಿದ್ರು. ಅದು ನೆನೆದಾಗ ಉದ್ದವಾಗ್ತಿತ್ತು, ಒಣಗಿದಾಗ ಗಿಡ್ಡವಾಗ್ತಿತ್ತು. ಒಂದಿನ ಬುಟ್ಟಿ ನೆಲ ಮುಟ್ಟಿದರೆ ಇನ್ನೊಂದಿನ ಆಳೆತ್ತರದಲ್ಲೇ ನಿಂತುಬಿಡ್ತಿತ್ತು. ಮೂರನೇ ಸಲ ಕಬ್ಬಿಣದ ಸರಪಳಿ ಕಟ್ಟಿದ್ರು. ಕೊಳೀಲಿಲ್ಲ, ಹಿಗ್ಗಲಿಲ್ಲ, ಕುಗ್ಗಲಿಲ್ಲ. ಇನ್ನು ನೂರು ವರ್ಷ ಚಿಂತೆಯಿಲ್ಲ ಅಂದ್ರು ಊರೋರು.

ಸರಪಳಿ ಬಡಿದ ಕಮ್ಮಾರ ಹಾಗನ್ನಲಿಲ್ಲ. ಹಗ್ಗ ಕೊಳೆಯುತ್ತೆ, ತೊಗಲು ಎಳೆದಂಗೆ ಬರುತ್ತೆ, ಕಬ್ಬಿಣ ದಣಿಯುತ್ತೆ, ಒಂದೊಂದಕ್ಕೆ ಒಂದೊಂದು ಗುಣ ಅಂದ. ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡಿದರೆ ಅದರೊಳಗೆ ಬಿರುಸು ಸೇರ್ಕೊಳ್ಳುತ್ತೆ, ಅದು ಕಣ್ಣಿಗೆ ಕಾಣಲ್ಲ ಅಂದ. ಅದಕ್ಕೇ ವರ್ಷಕ್ಕೊಂದು ಸಲ ಸರಪಳಿ ಬಿಚ್ಚಬೇಕು. ಕೆಂಡದಲ್ಲಿ ಕೆಂಪಗೆ ಕಾಯಿಸಬೇಕು. ಹೊಟ್ಟಿನ ಬೂದಿಯಲ್ಲಿ ಹೂತು ಮೂರು ದಿನ ತಾನಾಗಿ ಆರೋಕೆ ಬಿಡಬೇಕು. ಅವಸರ ಅಂತ ನೀರು ಸುರೀಬಾರದು. ಕೊಂಡಿಯಲ್ಲಿ ಸೀಳು ಕಂಡರೆ ಅದನ್ನ ಕಿತ್ತು ಹೊಸದು ಹಾಕಬೇಕು. ದಣಿವನ್ನ ಬೆಂಕಿ ಕಳೆಯುತ್ತೆ, ಸೀಳನ್ನ ಬೆಸೆಯೋದಿಲ್ಲ. ಇಷ್ಟೆಲ್ಲ ಆದಮೇಲೆ ಸರಪಳಿ ಸರಿಯಿದೆ ಅಂತ ಯಾರು ಹೊಣೆ ಹೊರ್ತಾರೋ ಅವರೇ ಮೊದಲು ಬುಟ್ಟೀಲಿ ಕೂತು ಇಳಿದು ಹತ್ತಬೇಕು. ಇದು ಆ ಊರ ಕಟ್ಟಳೆ.

ಆ ಕಮ್ಮಾರನ ಮರಿಮಗನೇ ನಮ್ಮ ಗಂಗಾಚಾರಿ. ವಯಸ್ಸಾಗಿತ್ತು. ಹೆಂಡತಿ ತೀರಿಕೊಂಡಿದ್ದಳು. ಇದ್ದೊಬ್ಬಳೇ ಮಗಳು, ಸೋಮವ್ವ. ಊರಿಗೆಲ್ಲ ನೀರು ತರೋಳು ಅವಳೇ. ಖಾಲಿ ಕೊಡಗಳ ಜೊತೆ ಬುಟ್ಟೀಲಿ ಇಳಿಯೋಳು, ತುಂಬಿಸ್ಕೊಂಡು ಹತ್ತೋಳು. ದಿನಕ್ಕೆ ಬುಟ್ಟಿ ಹತ್ತು ಸರತಿ ಆಡಿದರೆ ಒಂಬತ್ತು ಸರತಿ ಅವಳದ್ದು. ಒಂದೊಂದು ಸರತಿಗೂ ಗಂಗಾಚಾರಿ ಕುಲುಮೆಯಲ್ಲಿ ತಿದಿ ಒತ್ತೋದು ನಿಲ್ಲಿಸಿ ಕಿವಿಗೊಡ್ತಿದ್ದ. ಅವಳ ಕಾಲು ಬಂಡೆ ಮೇಲೆ ಬಿದ್ದ ಸದ್ದು ಕೇಳಿದಮೇಲೇ ಮತ್ತೆ ಒತ್ತುತಿದ್ದ.

ಅಂಥಾ ಭಯ ಯಾಕೆ? ಕೇಳಿ. ಸರಪಳಿ ಬೂದಿ ಕಂಡು ಮೂರು ವರ್ಷವಾಗ್ತಾ ಬಂದಿತ್ತು. ಮೊದಲನೇ ವರ್ಷ ಗಂಗಾಚಾರಿ ಮೂರು ದಿನ ಕೊಡಿ ಅಂದ. ಊರ ಗೌಡ ಮಾಯಿಗೌಡ, ಸುಗ್ಗಿ ಕಾಳು ಮೇಲೆ ಬರಲಿ ಆಚಾರ್ರೇ ಅಂದ. ಎರಡನೇ ವರ್ಷ ಮೂರು ದಿನ ಕೊಡಿ ಅಂದ. ನಮ್ಮವ್ವನಿಗೆ ಹುಷಾರಿಲ್ಲ, ಪಂಡಿತರು ದಿನಾ ಬಂದು ಹೋಗಬೇಕು ಅಂದ ಗೌಡ. ಸುಳ್ಳಲ್ಲ, ಮುದುಕಿ ನಿಜಕ್ಕೂ ಮಲಗಿದ್ದಳು. ಮೂರನೇ ವರ್ಷ ಗೌಡನ ಮಗಳ ಮದುವೆ ಗೊತ್ತಾಯ್ತು. ಲಗ್ನಕ್ಕೆ ಇನ್ನು ನಾಲ್ಕೇ ದಿನ. ಆಗಲೂ ಗಂಗಾಚಾರಿ ಹೋಗಿ ಮೂರು ದಿನ ಕೊಡಿ ಅಂದ. ಅದೇ ಮಾತು ಹೇಳಿ ಹೇಳಿ ಅವನ ದನಿಯಲ್ಲಿ ಜೀವವೇ ಇರಲಿಲ್ಲ.

ಗೌಡ ಕೆಟ್ಟವನಲ್ಲ. ಅವನಿಗೂ ಮಗಳ ಮದುವೆ, ಅವನಿಗೂ ತಲೆಬಿಸಿ. ದಪ್ಪಗೆ ಕಬ್ಬಿಣ ಇದೆ, ಫಳಫಳ ಹೊಳೀತಿದೆ, ಏನಾಗಿದೆ ಅದಕ್ಕೆ ಅಂತ ಕೇಳಿದ.

ಗಂಗಾಚಾರಿ ಕುಲುಮೆಯಿಂದ ಎಣ್ಣೆ ಕುಡಿಕೆ ತಂದ. ಬುಟ್ಟಿ ಮೇಲಿತ್ತು, ಸರಪಳಿಯೆಲ್ಲ ತಿರುಗಣೆಗೆ ಸುತ್ತಿಕೊಂಡಿತ್ತು. ಅವನು ಕೊಂಡಿ ಕೊಂಡಿಗೂ ಹರಳೆಣ್ಣೆ ಸವರಿದ. ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಲ್ಲಿ ಒಂದು ಹನಿಯೂ ಉಳಿಯದ ಹಾಗೆ ಒರೆಸಿದ. ಮೇಲೆ ಸುಣ್ಣದ ಪುಡಿ ಉದುರಿಸಿ ಕೂತ. ಊರೋರೆಲ್ಲ ಸುತ್ತ ನಿಂತರು. ಕೊಂಡಿಗಳೆಲ್ಲ ಬೆಳ್ಳಗಿದ್ದವು. ನೋಡ್ತಾ ನೋಡ್ತಾ ಏಳು ಕೊಂಡಿಗಳಲ್ಲಿ ಸುಣ್ಣದ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಮೂಡಿತು. ಸೀಳಿನೊಳಗೆ ಇಳಿದಿದ್ದ ಎಣ್ಣೆ ಈಚೆ ಬಂದಿತ್ತು, ಕಣ್ರಪ್ಪಾ. ಕಬ್ಬಿಣ ಇನ್ನು ಹೇಗೆ ಬಾಯಿಬಿಟ್ಟು ಹೇಳಬೇಕು?

ಗೌಡ ಬಗ್ಗಿ ನೋಡಿದ. ಹೆಬ್ಬೆರಳಿನಿಂದ ಒಂದು ಗೆರೆ ಉಜ್ಜಿದ. ಸುಣ್ಣ ಹೋಯ್ತು, ಸುಣ್ಣದ ಜೊತೆ ಗೆರೆಯೂ ಹೋಯ್ತು. ಎರಡನೇದು ಉಜ್ಜಿದ, ಹೋಯ್ತು. ಮೂರನೇದು ಉಜ್ಜಿದ, ಅದೂ ಹೋಯ್ತು. ಬರೀ ಕೊಳೆ ಆಚಾರ್ರೇ, ಒರೆಸಿದರೆ ಹೋಗುತ್ತೆ ಅಂದ. ಊರೋರು ನಕ್ಕರು. ಅಯ್ಯೋ, ಏನು ಬುದ್ಧಿ ಅವರದು.

ಗೌಡ ಅಷ್ಟಕ್ಕೇ ಬಿಡಲಿಲ್ಲ. ಐದು ಆಳಿನ ತೂಕದ ಕಲ್ಲುಗುಂಡು ತರಿಸಿ ಬುಟ್ಟಿಗೆ ಹಾಕಿಸಿದ. ಇಳಿಸಿದರು, ಹತ್ತಿಸಿದರು. ಒಂದು ಸಲವಲ್ಲ, ಮೂರು ಸಲ. ಸರಪಳಿ ತಡೀತು. ಇವತ್ತು ಎಷ್ಟು ಹೊರುತ್ತೆ ಅನ್ನೋದಲ್ಲ ಗೌಡ್ರೇ, ಇಲ್ಲೀವರೆಗೆ ಎಷ್ಟು ಸಲ ಹೊತ್ತಿದೆ ಅನ್ನೋದು ನೋಡಬೇಕು ಅಂತ ಗಂಗಾಚಾರಿ ಹೇಳಿದ. ಗುಂಡು ಎತ್ತಿದ್ದಕ್ಕೆ ಆ ಸೀಳು ಇನ್ನಷ್ಟು ಬೆಳೆದಿರುತ್ತೆ ಅಂದ. ಯಾರ ಕಿವಿಗೂ ಬೀಳಲಿಲ್ಲ. ಹಾಗಾದರೆ ಹೊಣೆ ಯಾರು ಹೊರ್ತೀರಿ, ನಾನಂತೂ ಹೊರೋದಿಲ್ಲ ಅಂದ.

"ನಾನು ಹೊರ್ತೀನಿ" ಅಂದ ಮಾಯಿಗೌಡ. ಪೇಟ ಸರಿಮಾಡ್ಕೊಂಡು ಬುಟ್ಟೀಲಿ ಕೂತ. ಇಳಿದ. ಕೆಳಗೆ ನಿಂತು ಕೈಬೀಸಿದ. ಹತ್ತಿ ಬಂದ. ಏನೂ ಆಗಲಿಲ್ಲ. ಆಳುಗಳು ಕೇಕೆ ಹಾಕಿದರು, ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಗಂಗಾಚಾರಿ ಎಣ್ಣೆ ಬಟ್ಟೆ ಹಿಡ್ಕೊಂಡು ನಡುವೆ ನಿಂತಿದ್ದ. ಅವನಿಗೆ ಗೌಡನ ಮೇಲೆ ಸಿಟ್ಟೂ ಬರಲಿಲ್ಲ. ಎಲ್ಲಾದರೂ ಒಂದು ಕಡೆ ಬಿದ್ಕೊಂಡರೆ ಸಾಕು ಅನ್ನಿಸಿಬಿಟ್ಟಿತ್ತು.

ಮದುವೆ ಮನೆ ಕೆಲಸಕ್ಕೆ ನೀರು ಬೇಕು ಅಂತ ಕೂಗು ಬಂತು. ಸೋಮವ್ವ ನಾಲ್ಕು ಖಾಲಿ ಕೊಡ ಬುಟ್ಟೀಲಿಟ್ಟು ಒಂದು ಕಾಲು ಒಳಗಿಟ್ಟಳು. ಗಂಗಾಚಾರಿ ಹೋಗಿ ಅವಳ ಕೈ ಹಿಡ್ಕೊಂಡ.

"ಈ ಸರತಿ ಕೊಡ ಮಾತ್ರ ಹೋಗಲಿ ಕಣವ್ವಾ. ನೀನು ಮುಂದಿನದಕ್ಕೆ ಹೋಗು."

ಇದನ್ನ ಅವನು ದಿನಾ ಹೇಳ್ತಿದ್ದ. ಅವಳು ದಿನಾ, ಸುಮ್ನಿರಪ್ಪಯ್ಯ ಅಂತ ಗದರಿ ಇಳೀತಿದ್ದಳು. ಅವತ್ತು ಅಪ್ಪನ ಮುಖ ನೋಡಿದಳು. ಊರೆಲ್ಲ ನಕ್ಕಾಯ್ತು, ಇನ್ನು ನಾನೂ ತಳ್ಳಿ ಹೋಗಲಾ ಅನ್ನಿಸ್ತು. ಸರಪಳಿ ಮೇಲೆ ಅವಳಿಗೇನೂ ಅನುಮಾನವಿರಲಿಲ್ಲ. ಅಪ್ಪನ ಮೇಲೆ ಕನಿಕರ, ಅಷ್ಟೇ. ಕಾಲು ಈಚೆ ತೆಗೆದಳು. ಕೆಳಗೆ ಹೊಲದಲ್ಲಿದ್ದ ಆಳಿಗೆ, ಕೊಡ ತುಂಬಿಸಪ್ಪಾ ಅಂತ ಕೂಗಿ ಹೇಳಿದಳು.

ಬುಟ್ಟಿ ಇಳೀತು. ಐದು ಆಳಿನ ಗುಂಡಿಲ್ಲ, ಗೌಡನಿಲ್ಲ, ಬರೀ ಖಾಲಿ ಕೊಡ. ಅರ್ಧ ದಾರಿಗೆ ಒಣ ಸೌದೆ ಮುರಿದಂಥ ಒಂದು ಸದ್ದಾಯ್ತು. ತಿರುಗಣೆ ಹಿಡಿದಿದ್ದ ನಾಲ್ಕು ಆಳೂ ಹಿಂದಕ್ಕೆ ಬಿದ್ದರು. ಕೆಳಗಿಂದ ಕೊಡಗಳು ಬಿದ್ದ ಸದ್ದು ಕೇಳಿಸ್ತು. ಸೋಮವ್ವ ಅಪ್ಪನ ತೋಳು ಹಿಡ್ಕೊಂಡಳು. ಯಾರೂ ನಗಲಿಲ್ಲ.

ಆಮೇಲೇನಾಯ್ತು? ಆಗೋದೇ ಆಯ್ತು. ಬೀಗರು ಬಂದರು, ಬಂಡೆ ಬುಡದಲ್ಲಿ ಒಂದು ಹಗಲು ಕಾದರು, ತಂದ ಬುತ್ತಿ ತಾವೇ ಉಂಡು ವಾಪಸ್ ಹೋದರು. ಹೊಸ ಸರಪಳಿ ಬಡಿಯೋಕೆ ಐದು ತಿಂಗಳು ಹಿಡೀತು. ಆ ಐದು ತಿಂಗಳು ಊರ ಗಂಡಸರೆಲ್ಲ ತೊಗಲ ಚೀಲದಲ್ಲಿ ನೀರು ಬೆನ್ನಿಗೆ ಕಟ್ಕೊಂಡು ಗುಳಿ ಹಿಡಿದು ಹತ್ತಿದರು. ಗೌಡನೂ ಹತ್ತಿದ. ಅವನ ಮಂಡಿ ಚಿಪ್ಪು ಸವೆದವು. ಮದುವೆ ಆಯ್ತು, ಆರನೇ ತಿಂಗಳಿಗೆ.

ಹೊಸ ಸರಪಳಿ ತಿರುಗಣೆಗೆ ಏರಿಸಿದ ದಿನ ಮಾಯಿಗೌಡ ಕುಲುಮೆಗೆ ಬಂದ. ಸೋಮವ್ವ ತಿದಿ ಒತ್ತುತಾ ಇದ್ದಳು. ಅವನು ಬಾಗಿಲಲ್ಲೇ ನಿಂತು, ಐದು ತಿಂಗಳು ಮನಸ್ಸಲ್ಲಿ ಕೊರೀತಿದ್ದ ಒಂದು ಮಾತು ಕೇಳಿದ.

"ಆಚಾರ್ರೇ, ನಾನು ಕೂತಾಗ ಹರೀಲಿಲ್ಲ. ಅವಳು ಕೂರೋ ಸರತಿಗೇ ಹರಿಯುತ್ತೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಗಂಗಾಚಾರಿ ಸುತ್ತಿಗೆ ಕೆಳಗಿಟ್ಟ.

"ಗೊತ್ತಿರಲಿಲ್ಲ ಗೌಡ್ರೇ. ಯಾವ ಸರತಿಗೆ ಅಂತ ಯಾವ ಕಮ್ಮಾರನಿಗೂ ಗೊತ್ತಾಗಲ್ಲ. ಹತ್ತರಲ್ಲಿ ಒಂಬತ್ತು ನನ್ನ ಮಗಳದ್ದು ಅನ್ನೋದು ಗೊತ್ತಿತ್ತು."

ಗೌಡ ತಲೆ ತಗ್ಗಿಸಿ ಹೊರಟುಹೋದ. ಆ ವರ್ಷದಿಂದ ಮೂರು ದಿನ ಯಾರೂ ಕೇಳಬೇಕಾಗಲಿಲ್ಲ.

ಅವರು ಬಂಡೆ ಮೇಲೆ ಉಳಿದರು, ನಾವು ನೆಲದ ಮೇಲೆ ಉಳಿದ್ವಿ. ಹೇಳೋದು ನಂದಾಯ್ತು, ಮರೆಯೋದು ನಿಮ್ಮದಾಗದಿರಲಿ. ಏಳಿ ಇನ್ನು, ನಾನೂ ಕಾಲು ಚಾಚ್ತೀನಿ.